ವಿಲ್ ಬರೆಯುವ ಮುನ್ನ ಸಾಕ್ಷಿ ಯಾರೆಂದು ಯೋಚಿಸಿ

ನಮ್ಮ ದೊಡ್ಡಪ್ಪ ವಿಲ್ ಬರೆಸಿದಾಗ ಅವರಿಗೆ 78 ವರ್ಷ. ಸಾಕ್ಷಿ ಹಾಕಿದ ಇಬ್ಬರೂ ಅವರ ವಾರಗೆಯವರೇ, ದಿನಾ ಸಂಜೆ ಕಟ್ಟೆ ಮೇಲೆ ಜೊತೆಗೆ ಕೂರುತ್ತಿದ್ದವರು. ದೊಡ್ಡಪ್ಪ ತೀರಿಕೊಳ್ಳುವ ಹೊತ್ತಿಗೆ ಆ ಇಬ್ಬರೂ ಹೋಗಿಯಾಗಿತ್ತು. ಆಮೇಲೆ ತಕರಾರು ಬಂತು. ಸಾಕ್ಷಿಗಳ ಕೈಬರಹ ಗುರುತು ಹಿಡಿಯುವವರನ್ನು, ಅವರ ಸಹಿ ಇರುವ ಹಳೇ ಕಾಗದಗಳನ್ನು ಹುಡುಕಿಕೊಂಡು ಮನೆಯವರು ವರ್ಷಗಟ್ಟಲೆ ಅಲೆದರು. ವಿಲ್‌ನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ವಿಲ್ ಎಂದರೆ ನಾವಿಲ್ಲದಾಗ ಓದುವ ಕಾಗದ. ಯಾರಿಗಾದರೂ ಅನುಮಾನ ಬಂದರೆ, ಹೌದು ನಾನೇ ಬರೆಸಿದ್ದು ಎಂದು ಹೇಳಲು ನಾವಿರುವುದಿಲ್ಲ. ನಮ್ಮ ಪರವಾಗಿ ಆ ಮಾತು ಹೇಳುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೊದಲು: ನಿಮ್ಮದು ಯಾವುದು?

ಪೆನ್ನು ಹಿಡಿಯುವ ಮುಂಚೆ ಆಸ್ತಿಯ ಪಟ್ಟಿ ಮಾಡಿ. ಸ್ವಂತ ದುಡಿಮೆಯದು ಬೇರೆ, ಪಿತ್ರಾರ್ಜಿತ ಬೇರೆ. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ಕುಟುಂಬದವರು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ಬರೆಯಲು ಆಗುವುದು ತಮ್ಮ ಪಾಲು ಮಾತ್ರ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. "ಮದುವೆ ಮಾಡಿ ಕಳಿಸಿಯಾಯಿತಲ್ಲ" ಎಂದು ಮಗಳನ್ನು ಬಿಟ್ಟು ಇಡೀ ಜಮೀನನ್ನು ಮಗನಿಗೆ ಬರೆಯುತ್ತಾರೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ತಂದಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರು ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿದ್ದರೋ ಇಲ್ಲವೋ ಅದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪಾಲುಪತ್ರ ಆಗಿದ್ದರೆ ಅದು ಬೇರೆ ಮಾತು. ಮಗಳ ಪಾಲನ್ನು ಅಪ್ಪನ ವಿಲ್ ಕಿತ್ತುಕೊಳ್ಳಲಾರದು. ಅವಳದ್ದನ್ನು ಅವಳಿಗೆ ಬಿಟ್ಟು ಉಳಿದದ್ದರ ಬಗ್ಗೆ ಬರೆಯಿರಿ.

ಮುಸ್ಲಿಮರಿಗೆ ನಿಯಮ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡುವಂತಿಲ್ಲ.

ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ವಿಲ್ ಯಾಕೆ ಎಂದು ಕೇಳುವವರಿದ್ದಾರೆ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವರು, ಅಷ್ಟೇ. ಅದು ಯಾರಿಗೆ ಸೇರಬೇಕು ಎಂಬುದನ್ನು ವಿಲ್ ಅಥವಾ ಉತ್ತರಾಧಿಕಾರದ ಕಾನೂನು ಹೇಳುತ್ತದೆ. ಷೇರುಗಳಿಗೂ ಇದೇ ಮಾತು ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಬರವಣಿಗೆ

ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಕನ್ನಡ ಸಾಕು. ಕಾನೂನಿನ ದೊಡ್ಡ ಪದಗಳೂ ಬೇಡ, ಓದಿದರೆ ನಿಮ್ಮ ಮನಸ್ಸು ತಿಳಿಯಬೇಕು. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಖಾತೆ ನಂಬರ್ ಸರಿಯಾಗಿ ಬರೆಯಿರಿ. "ಕೆರೆ ಹತ್ತಿರದ ಗದ್ದೆ" ಅಂದರೆ ನಿಮಗೆ ಗೊತ್ತು, ಜಡ್ಜ್‌ಗೆ ಗೊತ್ತಾಗುವುದಿಲ್ಲ. ಒಂದೇ ಆಸ್ತಿಯ ಬಗ್ಗೆ ಎರಡು ಕಡೆ ಎರಡು ರೀತಿ ಬರೆದರೆ ಕೊನೆಯಲ್ಲಿ ಬರೆದದ್ದೇ ಉಳಿಯುತ್ತದೆ. ತಾರೀಖು ಹಾಕಿ. ನಡುವೆ ಗೀಚಿ ತಿದ್ದಬೇಡಿ. ತಿದ್ದಿದರೆ ಅಲ್ಲಿಯೂ ನಿಮ್ಮ ಸಹಿ, ಸಾಕ್ಷಿಗಳ ಸಹಿ ಬೇಕು.

ವಿಲ್ ಜಾರಿ ಮಾಡುವವರು ಯಾರು ಎಂದೂ ಹೆಸರಿಸಿ. ಅವರನ್ನು ಎಕ್ಸಿಕ್ಯೂಟರ್ ಎನ್ನುತ್ತಾರೆ.

ಸಾಕ್ಷಿ

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟು: ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ನೀವೇ ಅವರಿಗೆ ಹೇಳಿರಬೇಕು. ಅವರೂ ನಿಮ್ಮೆದುರೇ ಸಹಿ ಹಾಕಬೇಕು. ಮನೆಮನೆಗೆ ಕಾಗದ ಕಳಿಸಿ ಸಹಿ ಹಾಕಿಸಿಕೊಂಡು ಬಂದರೆ ಆಗುವುದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಇರಲೇಬೇಕೆಂದಿಲ್ಲ, ಆದರೂ ಒಟ್ಟಿಗೆ ಕೂರಿಸುವುದು ಒಳ್ಳೆಯದು.

ಮುಂದೆ ತಕರಾರಾದರೆ ಬದುಕಿರುವ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಹಾಗಾಗಿ ನಿಮಗಿಂತ ಚಿಕ್ಕ ವಯಸ್ಸಿನವರನ್ನು, ಊರಲ್ಲೇ ಇರುವವರನ್ನು, ಕಟಕಟೆ ಹತ್ತಲು ಹೆದರದವರನ್ನು ಆರಿಸಿ. ಆಸ್ತಿ ಪಡೆಯುವವರೂ ಅವರ ಗಂಡ ಅಥವಾ ಹೆಂಡತಿಯೂ ಸಾಕ್ಷಿ ಹಾಕುವುದು ಬೇಡವೇ ಬೇಡ.

ಕೋರ್ಟಿನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಕೇಸು ಸಾಕು. ವಕೀಲರು ಇವತ್ತಿಗೂ ಅದನ್ನು ವೆಂಕಟಾಚಲ ಅಯ್ಯಂಗಾರ್ ಕೇಸು ಎಂದು ಹೆಸರಿಸುತ್ತಾರೆ. 1958ರ ತೀರ್ಪು. ವಿಲ್ ಮುಂದಿಟ್ಟವರೇ ಅದನ್ನು ಮಾಡಿಸುವಾಗ ಮುಂದೆ ನಿಂತಿದ್ದರು, ಅವರ ಕಡೆಯವರಿಗೇ ಲಾಭವೂ ಹೋಗಿತ್ತು. ಇಂಥ ಅನುಮಾನ ಇದ್ದರೆ ಅದನ್ನು ತೊಡೆದುಹಾಕುವ ಹೊಣೆ ವಿಲ್ ತಂದವರದ್ದೇ, ಬರೀ ಸಹಿ ತೋರಿಸಿದರೆ ಸಾಲದು, ಕೋರ್ಟಿನ ಮನಸ್ಸಿಗೆ ಒಪ್ಪಿಗೆಯಾಗಬೇಕು ಎಂದಿತು ಕೋರ್ಟು. ಆ ವಿಲ್ ನಿಲ್ಲಲಿಲ್ಲ.

ಹಾಗಾಗಿ ನಿಮ್ಮನ್ನು ನೋಡಿಕೊಳ್ಳುವ ಮಗನಿಗೆ ಜಾಸ್ತಿ ಕೊಡಬೇಕೆಂದಿದ್ದರೆ ಆ ಮಗನನ್ನು ಅವತ್ತು ದೂರ ಇಡಿ. ಪತ್ರ ಬರೆಯುವವರನ್ನು ಅವನು ಕರೆತರುವುದು ಬೇಡ. ಇನ್ನೊಬ್ಬರಿಗೆ ಯಾಕೆ ಕಡಿಮೆ ಎಂಬುದನ್ನು ಎರಡು ಸಾಲಿನಲ್ಲಿ ನೀವೇ ಬರೆಯಿರಿ. ವಯಸ್ಸಾಗಿದ್ದರೆ, ಕಾಯಿಲೆ ಇದ್ದರೆ, ಬುದ್ಧಿ ಸ್ಥಿಮಿತದಲ್ಲಿದೆ ಎಂದು ನೋಡುತ್ತಿರುವ ಡಾಕ್ಟರಿಂದ ಅದೇ ದಿನದ ಚೀಟಿ ಪಡೆಯಿರಿ. ಕಾನೂನು ಇದನ್ನು ಕೇಳುವುದಿಲ್ಲ, ಆದರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ನೋಂದಣಿ ಮತ್ತು ಆಮೇಲೆ

ನೋಂದಣಿ ಕಡ್ಡಾಯವಲ್ಲ. ಮಾಡಿಸಿ ಎಂದೇ ನಾನು ಹೇಳುತ್ತೇನೆ. ಕಾಗದ ಕಳೆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಇರುತ್ತದೆ, ಮತ್ತು ನೀವು ಬದುಕಿರುವವರೆಗೆ ಅದರ ಪ್ರತಿ ನಿಮಗೆ ಅಥವಾ ನೀವು ನೇಮಿಸಿದವರಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಆದರೆ ನೋಂದಣಿಯಾಯಿತು ಎಂದು ಸಾಕ್ಷಿಯ ಕೆಲಸ ತಪ್ಪುವುದಿಲ್ಲ. ಮನಸ್ಸು ಬದಲಾದರೆ ಹೊಸ ವಿಲ್ ಬರೆದು, ಹಳೆಯದು ರದ್ದು ಎಂದು ಸ್ಪಷ್ಟವಾಗಿ ಹೇಳಿ.

ಪ್ರೊಬೇಟ್ ಎಂದರೆ ಈ ವಿಲ್ ನಿಜವಾದದ್ದು ಎಂದು ಕೋರ್ಟು ಮೊಹರು ಹಾಕಿ ಕೊಡುವ ಪ್ರತಿ. ನಮ್ಮ ರಾಜ್ಯದಲ್ಲಿ ಹಿಂದೂಗಳ ವಿಲ್‌ಗೆ ಇದು ಕಡ್ಡಾಯವಲ್ಲ. ಜಗಳದ ವಾಸನೆ ಇದ್ದರೆ ಮಾತ್ರ ಎಕ್ಸಿಕ್ಯೂಟರ್ ಜಿಲ್ಲಾ ನ್ಯಾಯಾಲಯಕ್ಕೆ, ಬೆಂಗಳೂರಿನಲ್ಲಾದರೆ ಸಿಟಿ ಸಿವಿಲ್ ಕೋರ್ಟಿಗೆ ಅರ್ಜಿ ಹಾಕಬಹುದು. ಆಸ್ತಿ ಯಾರದ್ದು ಎಂಬ ಜಗಳ ಅಲ್ಲಿ ತೀರುವುದಿಲ್ಲ, ವಿಲ್ ಅಸಲಿಯೇ ಎಂಬುದಷ್ಟನ್ನೇ ನೋಡುತ್ತಾರೆ. ಸುಳ್ಳು ವಿಲ್ ಸೃಷ್ಟಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 338ನೇ ಕಲಂ ಪ್ರಕಾರ ಜೀವಾವಧಿವರೆಗೂ ಶಿಕ್ಷೆ ಆಗಬಹುದು.

ತಕರಾರಿಲ್ಲದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಿಲ್ ಹಿಡಿದು ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಅಸಲು ವಿಲ್ ಎಲ್ಲಿದೆ ಎಂಬುದು ಎಕ್ಸಿಕ್ಯೂಟರ್‌ಗೆ ಗೊತ್ತಿರಲಿ. ಸಾಕ್ಷಿಗಳ ಈಗಿನ ವಿಳಾಸವನ್ನೂ ಅದರ ಜೊತೆಗೇ ಒಂದು ಚೀಟಿಯಲ್ಲಿ ಬರೆದಿಡಿ, ಅವರು ಮನೆ ಬದಲಾಯಿಸಿದಾಗ ಆ ಚೀಟಿಯನ್ನೂ ಬದಲಾಯಿಸಿ.