ಅಮ್ಮನ ಗೌರಿಹಬ್ಬದ ಸೀರೆ

ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಮುಗಿಸಿ, ತಿರುಗಾಟದ ತಂಡದೊಂದಿಗೆ ಊರೂರು ಸುತ್ತಿ ಬೆಂಗಳೂರಿಗೆ ಬಂದೆ. ಕೊನೆಯ ಸಾಲಿನವರಿಗೂ ಮಾತು ಮುಟ್ಟಬೇಕು ಎಂದು ಕಲಿತವನು ನಾನು. ಧಾರಾವಾಹಿಯ ಆಡಿಷನ್‌ಗಳಲ್ಲಿ ಕ್ಯಾಮೆರಾ ಮೂರಡಿ ದೂರದಲ್ಲಿರುತ್ತಿತ್ತು. ‘ನಾಟಕದ ದನಿ’ ಎಂದು ಒಂದೊಂದಾಗಿ ಬಾಗಿಲು ಮುಚ್ಚಿದವು.

ಹಾಗಾಗಿ ಕೋಣೆಯಲ್ಲೇ ಹೊಸದಾಗಿ ಕಲಿಯತೊಡಗಿದೆ. ಅಕ್ಕಿ ಡಬ್ಬಿಗೆ ಮೊಬೈಲ್ ಒರಗಿಸಿ, ದನಿ ತಗ್ಗಿಸಿ, ಕಣ್ಣಿನಲ್ಲೇ ಮಾತು ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಗ್ಲಿಸರಿನ್ ಇಲ್ಲದೆ ಅಳುವುದೂ ಬಂತು: ರೆಪ್ಪೆ ಮಿಟುಕಿಸದೆ ಒಂದೇ ಕಡೆ ನೋಡುತ್ತಾ ಉಸಿರನ್ನು ತಡೆತಡೆದು ಬಿಡಬೇಕು. ಆ ಅಳುವಿನ ತುಣುಕುಗಳಿಂದಲೇ ಟಿಕ್‌ಟಾಕ್‌ನಲ್ಲಿ ನಲವತ್ತು ಸಾವಿರ ಜನ ನನ್ನನ್ನು ಹಿಂಬಾಲಿಸಿದರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ರೀಲ್ಸ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು. ರಾತ್ರಿ ಎರಡಕ್ಕೆ, ಮೂರಕ್ಕೆ ಎದ್ದು ಎಷ್ಟು ಮಂದಿ ನೋಡಿದರೆಂದು ಎಣಿಸುತ್ತಿದ್ದೆ. ಹಸಿವಿಗಿಂತ ಕೆಟ್ಟದ್ದು ಅದು, ಉಂಡರೂ ತೀರುವುದಿಲ್ಲ.

ಕೊನೆಗೆ ಒಂದು ರಿಯಾಲಿಟಿ ಷೋನಿಂದ ಕರೆ ಬಂತು. ಎರಡು ಸ್ವಗತಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಒಂದನ್ನು ಅರ್ಧ ಕೇಳಿ, “ನಿಮ್ಮ ಕಷ್ಟದ ಕಥೆ ಹೇಳಿ” ಎಂದರು. ಅಪ್ಪ ಇಲ್ಲ, ಅಮ್ಮ ಅಡಿಕೆ ಸುಲಿದು ನನ್ನನ್ನು ಓದಿಸಿದಳು ಎಂದೆ. ಅಷ್ಟೇ. ಮುಂದಿನ ವಾರ ಸಾಗರದ ಬಳಿಯ ನಮ್ಮ ಮನೆಗೆ ಚಿತ್ರೀಕರಣಕ್ಕೆ ಬರುವುದಾಗಿ ತಿಳಿಸಿದರು.

ಅಮ್ಮ ಅಂಗಳ ಸಾರಿಸಿ, ರಂಗೋಲಿ ಹಾಕಿ, ಗೌರಿಹಬ್ಬಕ್ಕೆ ಕೊಂಡ ಹಸಿರು ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಬಂದವರಿಗೆಲ್ಲ ಅವಲಕ್ಕಿ ಕಲಸಿಟ್ಟಿದ್ದಳು. ತಂಡದವರು ಮನೆಯನ್ನೊಮ್ಮೆ ಸುತ್ತಿ ನೋಡಿ, ಫ್ರಿಜ್‌ಗೆ ಹೊದಿಕೆ ಹೊದಿಸಿದರು, ಟಿವಿಯನ್ನು ಒಳಕೋಣೆಗೆ ಒಯ್ದರು. ಬಚ್ಚಲೊಲೆಯ ಮುಂದೆ ಕುಳಿತು ಊದುಗೊಳವೆ ಊದಲಿ ಎಂದರು. ಆಮೇಲೆ ಸೀರೆಯ ಮಾತು ಬಂತು. ಅಮ್ಮನಿಗೆ ಅದನ್ನು ಹೇಳಿದ್ದು ಅವರಲ್ಲ, ನಾನು. “ಹಳೆಯದೊಂದನ್ನು ಉಟ್ಟುಕೋ ಅಮ್ಮಾ, ಇದು ತುಂಬಾ ಚೆನ್ನಾಗಿ ಕಾಣುತ್ತಿದೆ.”

ಅವಳು ಏನೂ ಕೇಳದೆ ಒಳಗೆ ಹೋದಳು. ಅಡಿಕೆ ಚೊಗರು ಹತ್ತಿ ಕಪ್ಪಾದ ಸೀರೆಯುಟ್ಟು ಬಂದು ಒಲೆಯ ಮುಂದೆ ಕುಳಿತಳು. ಕ್ಯಾಮೆರಾ ನೋಡಿ ಗಾಬರಿಯಾಗಿದ್ದಳು, ಅಳು ಬರಲಿಲ್ಲ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಪಿಸುಗುಟ್ಟಿದೆ: “ರೆಪ್ಪೆ ಮಿಟುಕಿಸಬೇಡ ಅಮ್ಮಾ. ಉಸಿರು ತಡೆದು ಬಿಡು.” ನನ್ನ ವಿದ್ಯೆಯನ್ನು ಹಡೆದವಳ ಮೇಲೆ ಹಾಗೆ ಬಳಸಿದೆ. ಮೂರನೆಯ ಸಲಕ್ಕೆ ಅವಳ ಕಣ್ಣಿನಿಂದ ನೀರು ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ನಾನು ಆಯ್ಕೆಯಾಗಲಿಲ್ಲ. ಚಿತ್ರೀಕರಿಸಿದ್ದನ್ನು ಪ್ರಸಾರ ಮಾಡಲೂ ಇಲ್ಲ.

ಈಗಲೂ ನಟಿಸುತ್ತೇನೆ, ಆಡಿಷನ್‌ಗೂ ಹೋಗುತ್ತೇನೆ. ಮನೆಯ ಕಥೆ ಕೇಳಿದರೆ, ಪಾತ್ರದ ಮಾತು ಕೊಡಿ, ಅದನ್ನು ಹೇಳುತ್ತೇನೆ ಎನ್ನುತ್ತೇನೆ. ಕೆಲವರು ಕೊಡುತ್ತಾರೆ.

ಆ ಷೋ ಪ್ರಸಾರವಾಗುತ್ತಿದ್ದ ದಿನಗಳಲ್ಲಿ ಅಮ್ಮ ಪ್ರತಿ ಶನಿವಾರ ಅಕ್ಕಪಕ್ಕದ ಮನೆಯವರನ್ನು ಕರೆದು ಟಿವಿ ಮುಂದೆ ಕೂರಿಸಿಕೊಳ್ಳುತ್ತಿದ್ದಳು. ಕಾರ್ಯಕ್ರಮ ಮುಗಿದ ರಾತ್ರಿ ಫೋನ್ ಮಾಡಿ ಕೇಳಿದಳು: “ಆ ಹಸಿರು ಸೀರೆಯಲ್ಲೇ ತೆಗೆದಿದ್ದರೆ ಹಾಕುತ್ತಿದ್ದರೇನೋ, ಅಲ್ಲವೇನೋ?”