ಡೆಟ್ರಾಯಿಟ್‌ಗೆ ಹೊಸದಾಗಿ ಬಂದವರಿಗೆ: ಮನೆ ಹುಡುಕುವ ಮೊದಲು

ಡೆಟ್ರಾಯಿಟ್ ಕಡೆ ಕೆಲಸಕ್ಕೆ ಬರುವ ಕನ್ನಡಿಗರು ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಒಳ್ಳೆಯ ಏರಿಯಾ ಯಾವುದು?" ನೋವೈ, ಟ್ರಾಯ್, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್ ಎಂದು ನಾನೂ ಹೇಳಿಬಿಡುತ್ತೇನೆ. ಶಾಲೆ ಚೆನ್ನಾಗಿದೆ, ನಮ್ಮವರೂ ಇದ್ದಾರೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದಂತೆ.

ಮೊದಲು ಏಜೆಂಟರ ವಿಷಯ. ಮನೆ ನೋಡಲು ಹೊರಟ ದಿನ ನಮ್ಮ ಏಜೆಂಟ್ ಹೆಂಗಸನ್ನು "ಈ ಬಡಾವಣೆಯಲ್ಲಿ ಎಂಥ ಜನ ಇದ್ದಾರೆ?" ಎಂದು ಕೇಳಿದೆ. ಕಾರು ಓಡಿಸುತ್ತಿದ್ದವರು ರಸ್ತೆಯಿಂದ ಕಣ್ಣು ತೆಗೆಯದೆ, "ಅದನ್ನು ನಾನು ಹೇಳುವಂತಿಲ್ಲ" ಎಂದರು. ಬಾಡಿಗೆ ಮನೆಗಳ ಗೇಟಿನಲ್ಲಿ "ನೀವು ಯಾವ ಜನ?" ಎಂದು ಕೇಳಿಸಿಕೊಂಡು ಬಂದವನು ನಾನು, ಅದೇ ಪ್ರಶ್ನೆ ಈಗ ನನ್ನ ಬಾಯಲ್ಲಿತ್ತು. ಜನಾಂಗ, ಧರ್ಮ, ಮೂಲದೇಶ ನೋಡಿ ಗಿರಾಕಿಯನ್ನು ಒಂದು ಬಡಾವಣೆಯತ್ತ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ತಪ್ಪು. ಈ ಕಾಯ್ದೆ ನಿಮ್ಮ ರಕ್ಷಣೆಗೂ ಇದೆ. ನಿಮ್ಮ ಹೆಸರು ಕೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ "ಖಾಲಿಯಿಲ್ಲ" ಎಂದಾದರೆ ಒಂದು ವರ್ಷದೊಳಗೆ ಕೇಂದ್ರದ ವಸತಿ ಇಲಾಖೆಗೆ ದೂರು ಕೊಡಬಹುದು.

ಇನ್ನು ಸಹೋದ್ಯೋಗಿಗಳ ಉಪದೇಶ: "ಎಯ್ಟ್ ಮೈಲ್ ರಸ್ತೆ ದಾಟಬೇಡಿ." ಆ ರಸ್ತೆಯ ದಕ್ಷಿಣಕ್ಕೆ ಹೆಚ್ಚಾಗಿ ಕಪ್ಪು ಜನರಿರುವ ಡೆಟ್ರಾಯಿಟ್ ನಗರ, ಉತ್ತರಕ್ಕೆ ಉಪನಗರಗಳು. ಮೂರು ವರ್ಷ ನಾನೂ ದಾಟಲಿಲ್ಲ. ಕೊನೆಗೆ ದಾಟಿದ್ದು ಒಂದು ಗೋಡೆ ನೋಡಲು.

1941ರಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ ಒಬ್ಬ ಬಿಲ್ಡರ್‌ಗೆ, ಪಕ್ಕದಲ್ಲೇ ಕಪ್ಪು ಜನರ ವಸತಿ ಇದೆ ಎಂಬ ಕಾರಣಕ್ಕೆ ಸರ್ಕಾರದ ಸಾಲದ ಖಾತರಿ ಸಿಗಲಿಲ್ಲ. ಆತ ನಡುವೆ ಆರು ಅಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು. ಬರ್‌ವುಡ್ ಬೀದಿಯ ಮನೆಗಳ ಹಿತ್ತಿಲಲ್ಲಿ ಆ ಗೋಡೆ ಇವತ್ತಿಗೂ ಇದೆ. ನಾನು ಏನೋ ಕೋಟೆಯಂಥದ್ದನ್ನು ನಿರೀಕ್ಷಿಸಿದ್ದೆ. ತುದಿಗಾಲಲ್ಲಿ ನಿಂತರೆ ಆಚೆಯ ಹಿತ್ತಿಲು ಕಾಣುತ್ತದೆ. ಉದ್ಯಾನದ ಪಕ್ಕದ ಭಾಗಕ್ಕೆ 2006ರಲ್ಲಿ ಚಿತ್ರ ಬರೆದಿದ್ದಾರೆ. ಗೋಡೆಯ ಎರಡೂ ಕಡೆ ಈಗ ಇರುವವರು ಬಹುತೇಕ ಕಪ್ಪು ಜನರೇ. ಬಿಳಿಯರು ಉತ್ತರಕ್ಕೆ ಸರಿದರು, ಗೆರೆಯೂ ಅವರ ಜೊತೆ ಸರಿಯಿತು. 1950ರಲ್ಲಿ ಹದಿನೆಂಟು ಲಕ್ಷ ಮೀರಿದ್ದ ನಗರದ ಜನಸಂಖ್ಯೆ 2020ರ ಗಣತಿಯಲ್ಲಿ ಆರೂವರೆ ಲಕ್ಷವೂ ಇರಲಿಲ್ಲ.

ಹಾಗಾಗಿ ನಗರದೊಳಗೆ ಪಾಳು ಮನೆ ಕಂಡಾಗ "ಇವರಿಗೆ ಮನೆ ಇಟ್ಟುಕೊಳ್ಳಲು ಬರುವುದಿಲ್ಲ" ಎನ್ನುವ ನಮ್ಮವರ ಮಾತಿಗೆ ದಯವಿಟ್ಟು ತಲೆಯಾಡಿಸಬೇಡಿ. 1930ರ ದಶಕದಲ್ಲಿ ಸರ್ಕಾರವೇ ನಕ್ಷೆ ಮಾಡಿಸಿ ಇಂಥ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯ ಎಂದು ಕೆಂಪು ಬಣ್ಣ ಬಳಿಯಿತು. ಸಾಲ ಹುಟ್ಟದ ಕಡೆ ಮನೆ ರಿಪೇರಿ ಆಗುವುದು ಹೇಗೆ? ಊರು ಯಾವುದು, ಕೇರಿ ಯಾವುದು ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವೂ ಆ ಗೆರೆಯ ಹೊರಗೇ ಇದ್ದವರು. 1923ರಲ್ಲಿ, ಇಲ್ಲಿನ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ನೀವು ಕೊಳ್ಳುವ ಮನೆ 1948ಕ್ಕಿಂತ ಹಳೆಯದಾದರೆ ದಾಖಲೆಪತ್ರ ಪೂರ್ತಿ ಓದಿ. ಬಿಳಿಯರಲ್ಲದವರು ವಾಸಿಸಕೂಡದು ಎಂಬ ಷರತ್ತು ಇದ್ದರೂ ಇರಬಹುದು. ಗಾಬರಿ ಬೇಡ, ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಆ ವರ್ಷವೇ ತೀರ್ಮಾನವಾಗಿದೆ. ಆ ತೀರ್ಪಿನ ಮೊಕದ್ದಮೆಗಳಲ್ಲಿ ಒಂದು ಡೆಟ್ರಾಯಿಟ್‌ನ ಮೆಗೀ ದಂಪತಿಯದು.

ಶಾಲೆಯ ರೇಟಿಂಗ್ ನೋಡಿಯೇ ಮನೆ ಕೊಳ್ಳುತ್ತೀರಿ, ಗೊತ್ತು. ನಾನೂ ಹಾಗೆಯೇ ಕೊಂಡೆ. ನಗರದ ಮತ್ತು ಉಪನಗರದ ಮಕ್ಕಳನ್ನು ಒಂದೇ ಶಾಲೆಗಳಲ್ಲಿ ಬೆರೆಸುವ ಯೋಜನೆಯನ್ನು ಸುಪ್ರೀಂ ಕೋರ್ಟ್ 1974ರಲ್ಲಿ ತಳ್ಳಿಹಾಕಿತು. ನಮ್ಮ ಮನೆಸಾಲದ ಕಂತಿನಲ್ಲಿ ಹಾಗೆ ಉಳಿದುಕೊಂಡ ಆ ಗಡಿಯ ಬೆಲೆಯೂ ಸೇರಿದೆ. ಬಸ್ಸಿನದೂ ಇದೇ ಕತೆ: ನಗರಕ್ಕೊಂದು ಸಂಸ್ಥೆ, ಉಪನಗರಗಳಿಗೆ ಇನ್ನೊಂದು. ನಮ್ಮ ಕಚೇರಿಯಲ್ಲಿ ಸಂಜೆ ನೆಲ ಒರೆಸುವಾಕೆ ಎರಡು ಬಸ್ ಬದಲಿಸಿ, ಕೊನೆಯ ಒಂದು ಮೈಲಿ ಪಾದಚಾರಿ ದಾರಿಯೇ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಾರೆ. ಚಳಿಗಾಲದಲ್ಲಿ, ಹಿಮದ ಮೇಲೆ.

ಗೋಡೆ ನೋಡಲು ಹೋಗುವುದಾದರೆ ಹಗಲಿನಲ್ಲಿ ಹೋಗಿ, ಕಾರನ್ನು ಉದ್ಯಾನದ ಪಕ್ಕ ನಿಲ್ಲಿಸಿ. ಫೋಟೋ ತೆಗೆಯುವ ಮುನ್ನ ಅಂಗಳದಲ್ಲಿ ಕುಳಿತವರನ್ನು ಮಾತನಾಡಿಸಿ. ಅದು ಅವರ ಹಿತ್ತಿಲು.