ದಪ್ಪಗಿರುವ ಮಗುವನ್ನು ಮೈದಾನಕ್ಕೆ ತಂದ ಬಗೆ: ನನ್ನ ಅನುಭವ

ದಾವಣಗೆರೆ ಸೀಮೆಯ ಒಂದು ಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಆರನೇ ತರಗತಿಯಿಂದ ಹತ್ತರವರೆಗೆ ಆಡಿಸುತ್ತೇನೆ. ಪೋಷಕರ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬರುವ ತಾಯಂದಿರು ಎರಡು ಥರ. ಒಬ್ಬರು, "ಮೇಡಂ, ಇವನನ್ನ ಚೆನ್ನಾಗಿ ಓಡಿಸಿ, ಸ್ವಲ್ಪ ಕರಗಲಿ" ಅಂತಾರೆ. ಇನ್ನೊಬ್ಬರು, "ಜಾಸ್ತಿ ಆಡಿಸಬೇಡಿ, ಮೊದಲೇ ಕಡ್ಡಿ ಥರ ಇದ್ದಾಳೆ" ಅಂತಾರೆ. ಇಬ್ಬರ ಲೆಕ್ಕದಲ್ಲೂ ಆಟ ಇರುವುದು ತೂಕ ಕಳೆಯೋಕೆ. ಈ ಲೆಕ್ಕ ಮಕ್ಕಳ ತಲೆಗೂ ಹೋಗಿಬಿಟ್ಟರೆ ದಪ್ಪಗಿರುವವನು ಆಟವನ್ನು ಶಿಕ್ಷೆ ಅಂದುಕೊಳ್ಳುತ್ತಾನೆ, ತೆಳ್ಳಗಿರುವವಳು ತನಗದು ಬೇಡ ಅಂದುಕೊಳ್ಳುತ್ತಾಳೆ.

ದಪ್ಪಗಿರುವ ಮಕ್ಕಳು ಆಡುವುದಿಲ್ಲ, ಅದಕ್ಕೇ ದಪ್ಪಗಾಗಿದ್ದಾರೆ ಅನ್ನುವುದು ಎಲ್ಲರೂ ಹೇಳುವ ಮಾತು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅರ್ಲಿಬರ್ಡ್ ಎಂಬ ಅಧ್ಯಯನ ನಡೆಯಿತು. ಸುಮಾರು 200 ಮಕ್ಕಳ ಮೈಯ ಕೊಬ್ಬನ್ನೂ ಓಡಾಟವನ್ನೂ ಏಳನೇ ವಯಸ್ಸಿನಿಂದ ಹತ್ತರವರೆಗೆ ವರ್ಷವರ್ಷವೂ ಅಳೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲು ಹೆಚ್ಚು ಕೊಬ್ಬಿದ್ದ ಮಕ್ಕಳ ಓಡಾಟ ಆಮೇಲೆ ಕಡಿಮೆಯಾಗಿತ್ತು. ಮೊದಲು ಓಡಾಟ ಕಡಿಮೆ ಇತ್ತು ಅನ್ನುವ ಕಾರಣಕ್ಕೆ ಆಮೇಲೆ ಕೊಬ್ಬು ಹೆಚ್ಚಿದ್ದು ಅಲ್ಲಿ ಕಾಣಲಿಲ್ಲ. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ನಿಜ. ಆದರೆ ಮೈದಾನದಲ್ಲಿ ನಾನು ಕಂಡದ್ದೂ ಇದೇ. ಮೈ ಭಾರವಾದ ಮಗು ಓಟದಲ್ಲಿ ಹಿಂದೆ ಬೀಳುತ್ತೆ, ಯಾರೋ ನಗುತ್ತಾರೆ, ಮುಂದಿನ ವಾರ ಹೊಟ್ಟೆನೋವು ಅಂತ ಮರದ ಕೆಳಗೆ ಕೂರುತ್ತೆ. ಹಾಗೆ ಕೂತವನನ್ನು ಎಬ್ಬಿಸಿ ತರುವುದು ಹೇಗೆ ಅನ್ನುವುದೇ ನನ್ನ ಪ್ರಶ್ನೆಯಾಯಿತು.

ಅಳತೆಯಿಂದಲೇ ಶುರು ಮಾಡಿದೆ. ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಕಾರ್ಯಕ್ರಮದ ಶಾಲಾ ಪರೀಕ್ಷೆಯಲ್ಲಿ 50 ಮೀಟರ್ ಓಟ, 600 ಮೀಟರ್ ಓಟ, ಪುಷ್ ಅಪ್ ಜೊತೆಗೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) ಕೂಡ ಇದೆ, ಹಾಗಾಗಿ ತೂಕ ನೋಡಲೇಬೇಕು. ಆದರೆ ಸಾಲಾಗಿ ನಿಲ್ಲಿಸಿ ಗಟ್ಟಿಯಾಗಿ ಸಂಖ್ಯೆ ಕೂಗಿ ಬರೆಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕ್ರೀಡಾ ಸಾಮಗ್ರಿ ಇಡುವ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತೇನೆ. ಶೂ ಬಿಚ್ಚಿಸಿ, ಹಿಮ್ಮಡಿ, ಬೆನ್ನು, ತಲೆ ಗೋಡೆಗೆ ತಾಗುವಂತೆ ನಿಲ್ಲಿಸಿ ಎತ್ತರ ತೆಗೆಯುತ್ತೇನೆ, ಅದೂ ಬೆಳಗಿನ ಪೀರಿಯಡ್‌ನಲ್ಲೇ. ಸಂಜೆಯ ಹೊತ್ತಿಗೆ ಬೆನ್ನುಮೂಳೆ ಸ್ವಲ್ಪ ಒತ್ತಿಕೊಂಡು ಎತ್ತರ ಕಡಿಮೆ ತೋರಿಸುತ್ತೆ. ಸಂಖ್ಯೆಗಳನ್ನು ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುತ್ತೇನೆ. ದೊಡ್ಡವರ ಬಿಎಂಐ ಗೆರೆಗಳು ಮಕ್ಕಳಿಗೆ ಹೊಂದುವುದಿಲ್ಲ. ವಯಸ್ಸಿಗೆ ತಕ್ಕ ಗೆರೆಯನ್ನೇ ನೋಡಬೇಕು, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ನಕ್ಷೆ.

ಪೋಷಕರಿಗೆ ನಾನು ಮಾಡಿ ತೋರಿಸುವ ಒಂದು ಲೆಕ್ಕ ಇದೆ. 140 ಸೆಂಟಿಮೀಟರ್ ಎತ್ತರ, 48 ಕೆಜಿ ತೂಕ ಇರುವ ಹುಡುಗನ ಬಿಎಂಐ 24.5. ಅವನು 6 ಸೆಂಟಿಮೀಟರ್ ಬೆಳೆದು ತೂಕ ಅಷ್ಟೇ ನಿಂತರೆ ಬಿಎಂಐ 22.5ಕ್ಕೆ ಬರುತ್ತೆ. ಒಂದು ಕೆಜಿಯೂ ಇಳಿದಿಲ್ಲ! ಚಿಕ್ಕ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಹರೆಯದ ಜಿಗಿತ ಬಂದಾಗ ಅದು ಇನ್ನೂ ಹೆಚ್ಚು, ಹುಡುಗಿಯರಿಗೆ ಹನ್ನೆರಡರ ಆಸುಪಾಸು, ಹುಡುಗರಿಗೆ ಹದಿನಾಲ್ಕರ ಆಸುಪಾಸು. ಆದ್ದರಿಂದ ಬೆಳೆಯುವ ಮಗುವಿನ ತೂಕವನ್ನು ಎಳೆದು ಇಳಿಸುವ ಅವಸರ ಸಾಮಾನ್ಯವಾಗಿ ಬೇಕಿಲ್ಲ. ತೂಕ ಓಡದಂತೆ ನೋಡಿಕೊಂಡರೆ ಎತ್ತರ ಬಂದು ಅದನ್ನು ಹಿಡಿಯುತ್ತೆ. ಊಟ ಬಿಡಿಸಿದರೆ ಎತ್ತರಕ್ಕೇ ಪೆಟ್ಟು.

ಇನ್ನು ಆಟ. ಒಂದು ಪೀರಿಯಡ್‌ನಲ್ಲಿ ಮಗು ನಿಜವಾಗಿ ಎಷ್ಟು ಹೊತ್ತು ಕದಲುತ್ತೆ ಅಂತ ಯಾರಾದರೂ ಒಂದೇ ಮಗುವಿನ ಮೇಲೆ ಕಣ್ಣಿಟ್ಟು ನೋಡಲಿ. ಹಾಜರಿ, ಸಾಲು, ಸರದಿ, ಔಟಾಗಿ ಹೊರಗೆ ಕೂರುವುದು, ಇದರಲ್ಲೇ ಹೆಚ್ಚಿನ ಹೊತ್ತು ಕಳೆಯುತ್ತೆ. ಮೊದಲು ಔಟಾಗುವುದು ನಿಧಾನ ಓಡುವವನು, ಅಂದರೆ ಯಾರಿಗೆ ಆಟ ಹೆಚ್ಚು ಬೇಕೋ ಅವನೇ ಹೆಚ್ಚು ಹೊತ್ತು ಕೂರುತ್ತಾನೆ. ಅದಕ್ಕೆ ಅಭ್ಯಾಸದ ದಿನಗಳಲ್ಲಿ ಔಟ್ ಅನ್ನುವುದನ್ನೇ ತೆಗೆದೆ. ಖೋ ಖೋದಲ್ಲಿ ಔಟಾದವರು ಪಕ್ಕದ ಎರಡನೇ ಅಂಕಣಕ್ಕೆ ಓಡಬೇಕು, ಅಲ್ಲೂ ಆಟ ನಡೀತಿರುತ್ತೆ. ಲಗೋರಿಯಲ್ಲಿ ಚೆಂಡು ಬಿದ್ದವನು ಮೈದಾನದ ತುದಿ ಮುಟ್ಟಿ ವಾಪಸ್ ಬರಬಹುದು. ಒಂದು ದೊಡ್ಡ ತಂಡದ ಬದಲು ನಾಲ್ಕೈದು ಮಂದಿಯ ಸಣ್ಣ ಸಣ್ಣ ತಂಡ.

ಖೋ ಖೋದ ಅಂಕಣದಲ್ಲಿ ಎಂಟು ಮಂದಿ ಒಬ್ಬರು ಆಚೆ, ಒಬ್ಬರು ಈಚೆ ಮುಖಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ "ಖೋ" ಬಿದ್ದ ಕೂಡಲೇ ಎದ್ದು ಚಿಮ್ಮಬೇಕು. ಭಾರವಾದ ಮಗುವಿಗೆ ಹಾಗೆ ಏಳುವುದೇ ಕಷ್ಟ. ಎರಡೂ ಕೈ ನೆಲಕ್ಕೆ ಊರಿ, ಒಂದು ಮಂಡಿ ಎತ್ತಿ, ಆಮೇಲೆ ಇನ್ನೊಂದು, ಅಷ್ಟರಲ್ಲಿ ಓಡುವವನು ದೂರ ಹೋಗಿರುತ್ತಾನೆ. ಏಳನೇ ತರಗತಿಯ ಒಬ್ಬ ಹುಡುಗನಿಗೆ ಓಟ ಬಿಡಿಸಿ ಬರೀ ಈ ಏಳುವುದನ್ನೇ ಅಭ್ಯಾಸ ಮಾಡಿಸಿದೆ. ಮೊದಲು ಬೆಂಚಿನಿಂದ, ಆಮೇಲೆ ಇಟ್ಟಿಗೆ ಎತ್ತರದಿಂದ, ಕೊನೆಗೆ ನೆಲದಿಂದ. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಒಂದು ದಿನ ಕೈ ಊರದೆ ಎದ್ದ. ಅವನ ತೂಕ ಆಗ ಇಳಿದಿರಲಿಲ್ಲ, ಇಳಿಯಬೇಕು ಅಂತ ನಾನು ಕೇಳಿಯೂ ಇರಲಿಲ್ಲ. ಆದರೆ ಆ ದಿನದಿಂದ ಅವನು ಮರದ ಕೆಳಗೆ ಕೂರಲಿಲ್ಲ.

ಓಟಕ್ಕಿಂತ ಮೊದಲು ಬಲ ಕೊಡಬೇಕು ಅಂತ ನಾನು ಅವನಿಂದ ಕಲಿತೆ. ಹಗ್ಗ ಜಗ್ಗಾಟ, ಶಾಟ್‌ಪುಟ್, ಕಬಡ್ಡಿಯಲ್ಲಿ ಕವರ್ ಜಾಗದಲ್ಲಿ ನಿಂತು ರೈಡರ್‌ಗೆ ಡ್ಯಾಷ್ ಕೊಡುವುದು (ಮೈಯಿಂದ ಗುದ್ದಿ ಅಂಕಣದ ಹೊರಗೆ ತಳ್ಳುವುದು), ಇವೆಲ್ಲ ಮೈಭಾರ ಇರುವವನೇ ಗೆಲ್ಲುವ ಆಟಗಳು. ಗೆದ್ದವನು ನಾಳೆಯೂ ಬರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು ಅನ್ನುತ್ತೆ. ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವ ಆಟ ಇರಬೇಕು ಅಂತಲೂ ಅದು ಹೇಳುತ್ತೆ. ಕುಂಟೆಬಿಲ್ಲೆ, ಹಗ್ಗದಾಟ ಇದಕ್ಕೆ ಹೇಳಿಮಾಡಿಸಿದ ಆಟಗಳು, ಖರ್ಚಿಲ್ಲ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಉಸಿರು ಬಂದರೆ ಆಟ ಸರಿಯಾದ ಮಟ್ಟದಲ್ಲಿದೆ ಅಂತ ಮಕ್ಕಳಿಗೇ ಹೇಳಿಕೊಟ್ಟಿದ್ದೇನೆ.

ಊಟದ ವಿಷಯ ಮನೆಯವರಿಗೆ ಸೇರಿದ್ದು, ಅದರಲ್ಲಿ ನಾನು ಒಂದೇ ಮಾತು ಹೇಳುತ್ತೇನೆ. 250 ಮಿಲಿ ಕೂಲ್ ಡ್ರಿಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಅಂದರೆ 100 ಕ್ಯಾಲೊರಿ. 40 ಕೆಜಿಯ ಮಗು ಅದನ್ನು ಕರಗಿಸಲು ಅರ್ಧ ಗಂಟೆಗೂ ಹೆಚ್ಚು ಬಿರುಸಾಗಿ ನಡೆಯಬೇಕು. ಆಟ ಆಡಿದ್ದಾನೆ ಅಂತ ಬಾಟಲಿ ಕೊಡಿಸಬೇಡಿ, ನೀರು ಕೊಡಿ, ಮಜ್ಜಿಗೆ ಕೊಡಿ.

ಹುಡುಗಿಯರ ಕಥೆ ಬೇರೆ. ಆರನೇ ತರಗತಿಯಲ್ಲಿ ಚಿಗರೆಯ ಹಾಗೆ ಓಡುತ್ತಿದ್ದವರು ಎಂಟಕ್ಕೆ ಬರುವಾಗ ದುಪಟ್ಟಾ ಸರಿಮಾಡಿಕೊಂಡು ಗೋಡೆಗೆ ಒರಗುತ್ತಾರೆ. ಆ ವಯಸ್ಸಿನಲ್ಲಿ ಮೈಗೆ ಸ್ವಲ್ಪ ಕೊಬ್ಬು ಸೇರುವುದು ಸಹಜ, ಬೇಕಾದದ್ದೂ ಹೌದು, ಅದನ್ನು ದಪ್ಪ ಅಂತ ಕರೆಯುವವರ ಮೇಲೆ ನನಗೆ ಸಿಟ್ಟಿದೆ. ನಾನು ಮಾಡಿದ್ದು ಇಷ್ಟು: ಆಟದ ದಿನ ಟ್ರ್ಯಾಕ್ ಪ್ಯಾಂಟ್‌ಗೆ ಅನುಮತಿ ಪಡೆದೆ, ನನ್ನ ಕೋಣೆಯ ಬೀರುವಿನಲ್ಲಿ ಪ್ಯಾಡ್ ಇಟ್ಟೆ, ವಾರದಲ್ಲಿ ಒಂದು ಪೀರಿಯಡ್ ಇಡೀ ಮೈದಾನ ಹುಡುಗಿಯರಿಗೆ ಅಂತ ಮಾಡಿದೆ. ಮುಟ್ಟಿನ ದಿನ ಆಡುವುದೋ ಬಿಡುವುದೋ ಅವರೇ ಹೇಳುತ್ತಾರೆ, ಬಹಳ ಮಂದಿ ಆಡುತ್ತೇನೆ ಅಂತಲೇ ಹೇಳುತ್ತಾರೆ.

ಕಡ್ಡಿ ಮಕ್ಕಳ ತಾಯಂದಿರಿಗೂ ಉತ್ತರ ಕೊಡಬೇಕು. 2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈ ಇಲ್ಲದವರು, ಶೇ. 5ರಷ್ಟು ಮಂದಿ ಅಧಿಕ ತೂಕದವರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ತೆಳ್ಳಗಿರುವವಳಿಗೆ ಆಟದ ಜೊತೆ ಊಟ ಹೆಚ್ಚಾಗಬೇಕು, ಬಿಸಿಯೂಟದಲ್ಲಿ ಎರಡನೇ ಸಲ ಕೇಳಲು ನಾಚಬಾರದು ಅಂತ ಹೇಳುತ್ತೇನೆ. ಆಟದಿಂದ ಸ್ನಾಯು, ಮೂಳೆ ಬರುತ್ತೆ, ಹಸಿವೂ ಬರುತ್ತೆ.

ಕೆಲವು ಮಕ್ಕಳನ್ನು ಮಾತ್ರ ಮೊದಲು ವೈದ್ಯರ ಹತ್ತಿರ ಕಳಿಸುತ್ತೇನೆ. ಕುತ್ತಿಗೆಯ ಹಿಂದೆ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾದ ಚರ್ಮ ಕಂಡರೆ ಅದು ಕೊಳೆಯಲ್ಲ. ಎಷ್ಟೋ ತಾಯಂದಿರು ಅದನ್ನು ಕೆಂಪಾಗುವಷ್ಟು ಉಜ್ಜಿರುತ್ತಾರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಅದಾಗಿರಬಹುದು. ತೂಕ ಏರುತ್ತಾ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್ ನೋಡಿಸಬೇಕು. ಭಾರವಾದ ಹುಡುಗ ಕುಂಟುತ್ತಾ ಮಂಡಿನೋವು ಅಂದರೆ ಓಡಿಸುವುದೇ ಇಲ್ಲ, ಅಂದೇ ಮೂಳೆ ವೈದ್ಯರಿಗೆ ತೋರಿಸಿ ಅಂತೇನೆ. ಸೊಂಟದ ಕೀಲಿನಲ್ಲಿ ಮೂಳೆಯ ತುದಿ ಜಾರಿದರೂ ನೋವು ಮಂಡಿಯಲ್ಲಿ ಕಾಣಿಸುವುದುಂಟು.

ಕಬಡ್ಡಿ ಪಂದ್ಯಗಳಲ್ಲಿ ತೂಕದ ಮಿತಿ ಇರುತ್ತೆ. ಹಿಂದಿನ ದಿನ ಊಟ, ನೀರು ಬಿಡಿಸಿ, ಸ್ವೆಟರ್ ಹಾಕಿಸಿ ಓಡಿಸಿ ಮಕ್ಕಳನ್ನು ತೂಕಕ್ಕೆ ತರುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ನಮ್ಮ ತಂಡದಲ್ಲಿ ಅದಿಲ್ಲ. ಮಿತಿ ದಾಟಿದವನು ಆ ಪಂದ್ಯಕ್ಕೆ ಕೂರುತ್ತಾನೆ, ಬದಲಿ ಆಟಗಾರ ಇಳಿಯುತ್ತಾನೆ, ಇವನು ಶಾಟ್‌ಪುಟ್‌ಗೆ ಹೆಸರು ಕೊಡುತ್ತಾನೆ.